ಮೆಲ್ಬರ್ನ್‌ನಲ್ಲಿ ಡಾಂಬರು ಕೆಲಸಕ್ಕೆ ಸೇರುವ ಮುಂಚೆ

ಅಣ್ಣ ಅಂತ ಕರೆದು ಬರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಉತ್ತರ ಕೊಡುತ್ತೇನೆ. ಹೆಂಡತಿಯ ವೀಸಾ ಮೇಲೆ ಮೆಲ್ಬರ್ನ್‌ಗೆ ಬಂದಿದ್ದೀಯ, ಕೆಲಸ ಮಾಡಲು ನಿನಗೂ ಅನುಮತಿ ಇದೆ, ಹಾವೇರಿಯಲ್ಲಿ ಕಂಟ್ರಾಕ್ಟರ್ ಹತ್ತಿರ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಡಾಂಬರು ಗ್ಯಾಂಗ್ ಸೇರಲು ಯಾವ ಕೋರ್ಸ್ ಬೇಕು, ಸಿವಿಲ್ ಡಿಪ್ಲೊಮಾ ಮಾಡಿದವನು ಸಲಿಕೆ ಹಿಡಿಯುವುದು ಸರಿಯಾ ಅಂತ ಕೇಳಿದ್ದೀಯ.

ಧಾರಾಳವಾಗಿ ಹಿಡಿ. ನಾನು ಕಂಡ ಫೋರ್‌ಮನ್‌ಗಳು, ರೋಲರ್ ಓಡಿಸುವವರು ಹೆಚ್ಚಿನವರು ಸಲಿಕೆಯಿಂದಲೇ ಮೇಲೆ ಬಂದವರು.

ಮೊದಲು ವೈಟ್ ಕಾರ್ಡ್ ಮಾಡಿಸು, ಅಂದರೆ ಕಟ್ಟಡ-ರಸ್ತೆ ಕೆಲಸದ ಸುರಕ್ಷತಾ ತರಬೇತಿ ಪಡೆದಿದ್ದಕ್ಕೆ ಕೊಡುವ ಕಾರ್ಡ್. ಅದಿಲ್ಲದೆ ಯಾವ ಸೈಟಿನಲ್ಲೂ ಕೆಲಸಕ್ಕೆ ಇಳಿಸುವುದಿಲ್ಲ. ತರಬೇತಿ ಒಂದೇ ದಿನ, ಕಾರ್ಡ್ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಕ್ಲಾಸಿಗೆ ಮುಂಚೆ ಯುಎಸ್‌ಐ ನಂಬರ್ (ಇಲ್ಲಿ ತರಬೇತಿ ಪಡೆಯುವ ಪ್ರತಿಯೊಬ್ಬರಿಗೂ ಇರುವ ಗುರುತಿನ ಸಂಖ್ಯೆ) ಮಾಡಿಕೋ, ಅದು ಉಚಿತ. ಅಗ್ಗದ ಆನ್‌ಲೈನ್ ಕೋರ್ಸಿನ ಜಾಹೀರಾತು ನೋಡಿ ಸುಮ್ನೆ ದುಡ್ಡು ಕಟ್ಟಬೇಡ. ಆ ಸಂಸ್ಥೆಗೆ ಮಾನ್ಯತೆ ಇದೆಯಾ ಅಂತ ಈ ರಾಜ್ಯದ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ವರ್ಕ್‌ಸೇಫ್ ವಿಕ್ಟೋರಿಯಾದಲ್ಲಿ ಮೊದಲು ನೋಡು.

ಆಮೇಲಿನದು ಸಿವಿಲ್ ಕನ್‌ಸ್ಟ್ರಕ್ಷನ್‌ನಲ್ಲಿ ಸರ್ಟಿಫಿಕೇಟ್ ತ್ರೀ ಅನ್ನುವ ವೃತ್ತಿ ಕೋರ್ಸ್. ಇದನ್ನು ಕಂಪನಿಗೆ ಸೇರಿದ ಮೇಲೆ, ಸಂಬಳ ತೆಗೆದುಕೊಳ್ಳುತ್ತಲೇ ಮಾಡುವುದು ಒಳ್ಳೆಯದು. ಸರ್ಕಾರದ ಸಬ್ಸಿಡಿ ಸಾಮಾನ್ಯವಾಗಿ ಪೌರರಿಗೆ ಮತ್ತು ಪಿಆರ್ (ಕಾಯಂ ವಾಸದ ಅನುಮತಿ) ಇರುವವರಿಗೆ. ನಿನ್ನ ವೀಸಾದಲ್ಲಿ ಪೂರ್ತಿ ಫೀಸ್ ಬೀಳಬಹುದು, ಅದು ಸಣ್ಣ ಮೊತ್ತವಲ್ಲ. ಊರಿನ ಅನುಭವ ಪತ್ರ, ಸೈಟಿನ ಫೋಟೋಗಳನ್ನು ಜೋಪಾನ ಮಾಡು. ಆರ್‌ಪಿಎಲ್ ಅಂತ ಇದೆ, ಮೊದಲೇ ಬರುವ ಕೆಲಸವನ್ನು ಪರೀಕ್ಷಿಸಿ ಅಷ್ಟು ಭಾಗಕ್ಕೆ ವಿನಾಯಿತಿ ಕೊಡುತ್ತಾರೆ.

ಇನ್ನು ಕೆಲಸ. ಲಾರಿಯಿಂದ ಬರುವ ಮಾಲು, ಅಂದರೆ ಡಾಂಬರು ಬೆರೆಸಿದ ಜಲ್ಲಿ, ಸುಮಾರು 150 ಡಿಗ್ರಿ ಬಿಸಿ ಇರುತ್ತದೆ. ತಣ್ಣಗಾಗುವ ಮುಂಚೆ ರೋಲರ್ ಹೊಡೆದು ಮುಗಿಯಬೇಕು. ಪದರ ತೆಳುವಾಗಿದ್ದು ಜುಲೈ ರಾತ್ರಿಯ (ಇಲ್ಲಿ ಆಗ ಚಳಿಗಾಲ) ಚಳಿಗಾಳಿ ಬೀಸಿದರೆ ಸಿಗುವುದು ಕೆಲವೇ ನಿಮಿಷ. ದಟ್ಟಣೆಯ ರಸ್ತೆಗಳಲ್ಲಿ ರಾತ್ರಿ ಪಾಳಿಯೇ ಜಾಸ್ತಿ. ಮಾಲು ಹಾಸುವ ಯಂತ್ರ ಪೇವರ್ ಮುಂದೆ ಹೋದ ಮೇಲೆ ಅಂಚು, ಎರಡು ಹಾಸು ಸೇರುವ ಜೋಡಣೆ, ಮ್ಯಾನ್‌ಹೋಲ್ ಸುತ್ತಮುತ್ತ ಕೈಯಿಂದಲೇ ಸರಿ ಮಾಡಬೇಕು. ಅಲ್ಲೇ ನಿನ್ನ ಕೈಚಳಕ ಕಾಣುವುದು. ಜೋಡಣೆಯಲ್ಲಿ ಎದ್ದ ದಪ್ಪ ಜಲ್ಲಿಯನ್ನು ಎಳೆದು ತೆಗೆ. ಅದನ್ನು ಹಾಸಿದ ಮಾಲಿನ ಮೇಲೆ ಎರಚಬೇಡ. ಎರಚಿದರೆ ಅಲ್ಲಿ ಮೇಲ್ಮೈ ಒರಟಾಗಿ ಉಳಿಯುತ್ತದೆ, ಆಮೇಲೆ ನೀರು ಇಳಿದು ಜಲ್ಲಿ ಕಿತ್ತು ಬರುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಪೂರ್ತಿ ತೋಳಿನ ಹತ್ತಿ ಬಟ್ಟೆ ಹಾಕು, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬಿಸಿ ಡಾಂಬರು ಮೈಮೇಲೆ ಬಿದ್ದರೆ ಕೀಳಬೇಡ, ಚರ್ಮವೂ ಜೊತೆಗೇ ಬರುತ್ತದೆ. ತಕ್ಷಣ 20 ನಿಮಿಷ ಹರಿಯುವ ತಣ್ಣೀರು ಬಿಡು, ಆಮೇಲೆ ಡಾಕ್ಟರ್ ಹತ್ತಿರ ಹೋಗು.

ಇದಕ್ಕಿಂತ ದೊಡ್ಡ ಅಪಾಯ ಹಿಂದಕ್ಕೆ ಬರುವ ಲಾರಿ. ಡ್ರೈವರ್‌ನ ಕನ್ನಡಿಯಲ್ಲಿ ನೀನು ಕಾಣಬೇಕು. ಅವನ ಮುಖ ನಿನಗೆ ಕನ್ನಡಿಯಲ್ಲಿ ಕಾಣದಿದ್ದರೆ ನೀನೂ ಅವನಿಗೆ ಕಾಣುವುದಿಲ್ಲ. ರೋಲರ್ ಮತ್ತು ಪೇವರ್ ಮಧ್ಯೆ ಬೆನ್ನು ತಿರುಗಿಸಿ ನಿಲ್ಲಲೇಬೇಡ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ನಾನು ಒತ್ತಿ ಹೇಳಬೇಕಾದ ಮಾತು ಈಗ ಬಂತು. ಪಾಳಿ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಪ್ರೀಸ್ಟಾರ್ಟ್ ಮೀಟಿಂಗ್ ಮಾಡುತ್ತಾರೆ. ಇವತ್ತಿನ ಅಪಾಯಗಳೇನು, ಯಾರು ಎಲ್ಲಿರಬೇಕು ಅಂತ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಹುಡುಗರು ಅರ್ಧ ಅರ್ಥವಾಗದಿದ್ದರೂ ತಲೆಯಾಡಿಸಿ ಸಹಿ ಹಾಕಿಬಿಡುತ್ತಾರೆ. ದೊಡ್ಡವರಿಗೆ ಎದುರು ಕೇಳಬಾರದು ಅಂತ ಬೆಳೆದಿದ್ದೇವೆ ಅಲ್ವಾ? ಇಲ್ಲಿ ಅದು ಜೀವಕ್ಕೇ ಕುತ್ತು. ಇಲ್ಲಿನವರ ಇಂಗ್ಲಿಷ್ ವೇಗ, ಅದರ ಮೇಲೆ ಮಷಿನ್ ಸದ್ದು. 'ಇನ್ನೊಂದ್ಸಲ ಹೇಳಿ' ಅಂತ ಕೇಳು, ಬೇಕಿದ್ದರೆ ಮೂರು ಸಲ ಕೇಳು. ಅಪಾಯ ಕಂಡರೆ ಕೈ ಎತ್ತಿ ಕೆಲಸ ನಿಲ್ಲಿಸು. ಹೊಸಬನಿಗೂ ಆ ಹಕ್ಕಿದೆ. ನನ್ನ ಗ್ಯಾಂಗಿಗೆ ಆರಿಸುವಾಗ, ಜೋರಾಗಿ ಸಲಿಕೆ ಹೊಡೆಯುವವನಿಗಿಂತ ಕೇಳಿ ತಿಳಿದುಕೊಳ್ಳುವವನನ್ನು ನಾನು ಮೊದಲು ಕರೆಯುತ್ತೇನೆ.

ರಾತ್ರಿ ಪಾಳಿ ಇದ್ದರೆ ಹಿಂದಿನ ದಿನದಿಂದ ಕುಡಿತ ಬೇಡ. ಎಷ್ಟೋ ಸೈಟಿನಲ್ಲಿ ಊದಿಸಿ ನೋಡುತ್ತಾರೆ.

ದುಡ್ಡಿನ ವಿಷಯ. ಮೊದಲು ಲೇಬರ್ ಹೈರ್ ಕಂಪನಿ (ಬೇರೆ ಕಂಪನಿಗಳಿಗೆ ಕೆಲಸಗಾರರನ್ನು ಒದಗಿಸುವುದು) ಮೂಲಕವೇ ಕೆಲಸ ಸಿಗಬಹುದು, ಪರವಾಗಿಲ್ಲ. ಆದರೆ 'ಟ್ರೈನಿಂಗ್ ಅಂತ ಎರಡು ವಾರ ಸಂಬಳ ಇಲ್ಲದೆ ಬಾ' ಅಂದರೆ, ಹೇಳುವವನು ಕನ್ನಡದವನೇ ಆದರೂ ಹೋಗಬೇಡ. ಸಂಬಳವಾದ ಒಂದು ಕೆಲಸದ ದಿನದೊಳಗೆ ಪೇಸ್ಲಿಪ್ ಕೊಡಲೇಬೇಕು. ಸೂಪರ್ ಅಂತ, ಅಂದರೆ ನಿನ್ನ ನಿವೃತ್ತಿ ನಿಧಿಗೆ, ಕಂಪನಿಯವರು ಸಂಬಳದ 12% ಬೇರೆ ಕಟ್ಟಬೇಕು, ಇದು 2025ರ ಜುಲೈಯಿಂದ ಇರುವ ದರ. ಕೊಡದಿದ್ದರೆ ಕೆಲಸಗಾರರ ಸಂಬಳ-ಹಕ್ಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿ ಫೇರ್ ವರ್ಕ್ ಒಂಬುಡ್ಸ್‌ಮನ್‌ಗೆ 13 13 94ಕ್ಕೆ ಫೋನ್ ಮಾಡು.

ವೈಟ್ ಕಾರ್ಡ್ ಕೈಗೆ ಬಂದ ಮೇಲೆ ಬರೆ. ನಿನ್ನ ಬಯೋಡೇಟಾ ಇಲ್ಲಿನವರಿಗೆ ಓದಲು ಬರುವ ಹಾಗೆ ಒಟ್ಟಿಗೆ ಕೂತು ತಿದ್ದೋಣ.