ಹೊಸ ವಿದ್ಯುತ್ ಕಾರಿಗೆ ಮನೆಯಲ್ಲಿ ಎಂಥ ಚಾರ್ಜರ್?

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮನೆಗೆ ವಿದ್ಯುತ್ ಕಾರು ಬರಲಿದೆ. ಅದರ ಬ್ಯಾಟರಿ 45 ಯೂನಿಟ್ ಸಾಮರ್ಥ್ಯದ್ದು. ನಮ್ಮ ಓಡಾಟ ದಿನಕ್ಕೆ 50 ಕಿಲೋಮೀಟರ್ ದಾಟುವುದಿಲ್ಲ. ಪವರ್ ಸಾಕೆಟ್ಟಿಗೆ ಚುಚ್ಚುವ 3 ಕಿಲೋವ್ಯಾಟ್ ಚಾರ್ಜರ್ ಕಾರಿನ ಜೊತೆಗೇ ಬರುತ್ತದೆ. ಮಾರಾಟಗಾರರು 7.4 ಕಿಲೋವ್ಯಾಟ್ ಗೋಡೆ ಚಾರ್ಜರ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಪರಿಚಿತರೊಬ್ಬರು 11 ಕಿಲೋವ್ಯಾಟಿನ ತ್ರೀ ಫೇಸ್ ಚಾರ್ಜರೇ ಇರಲಿ, ಮುಂದಕ್ಕೂ ಆಗುತ್ತದೆ ಎನ್ನುತ್ತಾರೆ. ಮೇನ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಸುಮಾರು 20 ಮೀಟರ್ ದೂರವಿದೆ. ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಲೆಕ್ಕದಿಂದಲೇ ಆರಂಭಿಸೋಣ. ಮಧ್ಯಮ ಗಾತ್ರದ ಕಾರು 100 ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ ನಿಮ್ಮ 50 ಕಿಲೋಮೀಟರಿಗೆ ಏಳೂವರೆ ಯೂನಿಟ್ ಬೇಕು. ಗೋಡೆಯಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ನೂರಕ್ಕೆ ಹತ್ತು ಹದಿನೈದರಷ್ಟು ಶಾಖವಾಗಿ ಕಳೆದುಹೋಗುವುದರಿಂದ ಮೀಟರಿನಲ್ಲಿ ಎಂಟೂವರೆ ಯೂನಿಟ್ ಓಡುತ್ತದೆ. 3 ಕಿಲೋವ್ಯಾಟ್ ಚಾರ್ಜರಿಗೆ ಇದು ಮೂರು ಗಂಟೆಯೊಳಗಿನ ಕೆಲಸ, 7.4 ಕಿಲೋವ್ಯಾಟಿನದಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ರಾತ್ರಿಯಿಡೀ ನಿಂತೇ ಇರುವ ಕಾರಿಗೆ ಈ ಎರಡರ ನಡುವೆ ವ್ಯತ್ಯಾಸವೇ ತಿಳಿಯದು. ವ್ಯತ್ಯಾಸ ಕಾಣಿಸುವುದು ದೂರದ ಪ್ರಯಾಣ ಮುಗಿಸಿ, ಬ್ಯಾಟರಿ ಬರಿದಾಗಿ ಮನೆ ಸೇರಿದ ರಾತ್ರಿ. ಆಗ ಪೂರ್ತಿ ತುಂಬಲು ಚಿಕ್ಕದಕ್ಕೆ ಸುಮಾರು 17 ಗಂಟೆ, ದೊಡ್ಡದಕ್ಕೆ 7 ಗಂಟೆ ಬೇಕು. ಅಂಥ ರಾತ್ರಿಗಳು ತಿಂಗಳಿಗೆ ಎಷ್ಟು ಬರುತ್ತವೆ, ಮರುದಿನ ಬೆಳಿಗ್ಗೆಯೇ ಮತ್ತೆ ದೂರ ಹೋಗಬೇಕಾಗುತ್ತದೆಯೇ ಎಂಬುದನ್ನು ನೀವೇ ಯೋಚಿಸಿ ನೋಡಬೇಕು.

ಇನ್ನು 11 ಕಿಲೋವ್ಯಾಟ್ ಸಲಹೆ. ಇದರಲ್ಲಿ ಅನೇಕರು ಮೋಸಹೋಗುವ ಒಂದು ಅಂಶವಿದೆ. ಗೋಡೆಯ ಮೇಲೆ ಕೂರುವ ಪೆಟ್ಟಿಗೆಯನ್ನು ನಾವು ಚಾರ್ಜರ್ ಎಂದು ಕರೆದರೂ, ಮನೆಗೆ ಬರುವ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತನ್ನು ಬ್ಯಾಟರಿಗೆ ಒಗ್ಗುವ ಡಿಸಿಯಾಗಿ (ಒಂದೇ ದಿಕ್ಕಿಗೆ ಹರಿಯುವಂತೆ) ಪರಿವರ್ತಿಸುವ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಗೋಡೆಯ ಪೆಟ್ಟಿಗೆ ಮಾಡುವುದು ಕಾವಲುಗಾರನ ಕೆಲಸ: ‘ನಾನು ಇಷ್ಟು ಆಂಪಿಯರ್‌ವರೆಗೆ ಕೊಡಬಲ್ಲೆ’ ಎಂದು ಕೇಬಲ್ಲಿನ ಚಿಕ್ಕ ಸಂಕೇತ ತಂತಿಯ ಮೂಲಕ ಕಾರಿಗೆ ತಿಳಿಸುತ್ತದೆ, ಕಾರು ಸಿದ್ಧವೆಂದಾಗ ಮಾತ್ರ ವಿದ್ಯುತ್ತನ್ನು ಬಿಡುತ್ತದೆ, ದೋಷ ಕಂಡರೆ ಕಡಿದುಹಾಕುತ್ತದೆ. ಎಷ್ಟು ವೇಗವಾಗಿ ತುಂಬಬೇಕೆಂಬುದನ್ನು ಇವೆರಡರಲ್ಲಿ ಚಿಕ್ಕದು ನಿರ್ಧರಿಸುತ್ತದೆ. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ 32 ಆಂಪಿಯರ್ ಹರಿದರೆ 7.4 ಕಿಲೋವ್ಯಾಟ್; ಮೂರು ಫೇಸುಗಳಲ್ಲಿ ತಲಾ 16 ಆಂಪಿಯರ್ ಹರಿದರೆ 11 ಕಿಲೋವ್ಯಾಟ್. ನಿಮ್ಮ ಕಾರಿನೊಳಗಿನ ಚಾರ್ಜರ್ ಸಿಂಗಲ್ ಫೇಸಿನದಾಗಿದ್ದರೆ, 16 ಆಂಪಿಯರಿನ ಆ 11 ಕಿಲೋವ್ಯಾಟ್ ಪೆಟ್ಟಿಗೆಯಿಂದ ಅದು ಒಂದೇ ಫೇಸನ್ನು ಬಳಸಿ ಕೇವಲ 3.7 ಕಿಲೋವ್ಯಾಟ್ ಪಡೆಯುತ್ತದೆ. ದೊಡ್ಡ ಸಂಖ್ಯೆಗೆ ಹೆಚ್ಚು ಹಣ ತೆತ್ತು ಅರ್ಧ ವೇಗ ಪಡೆದಂತಾಯಿತು. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಒಳಗಿನ ಎಸಿ ಚಾರ್ಜರಿನ ಸಾಮರ್ಥ್ಯವೆಷ್ಟು, ಅದು ಎಷ್ಟು ಫೇಸಿನದು ಎಂಬ ಎರಡು ವಿವರಗಳನ್ನು ಮೊದಲು ಓದಿ. ಅದು ತ್ರೀ ಫೇಸಿನದಾಗಿದ್ದು, ಮನೆಗೂ ತ್ರೀ ಫೇಸ್ ಸಂಪರ್ಕ ಈಗಾಗಲೇ ಇದ್ದರೆ ಮಾತ್ರ ಪರಿಚಿತರ ಸಲಹೆಯನ್ನು ಪರಿಗಣಿಸಬಹುದು.

ಪೆಟ್ಟಿಗೆಯ ಆಯ್ಕೆಗಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಅದರ ಹಿಂದಿನ ವೈರಿಂಗ್. ಮನೆಯ ಬೇರೆ ಯಾವ ಉಪಕರಣವೂ ಇಷ್ಟು ಹೊತ್ತು ಇಷ್ಟು ವಿದ್ಯುತ್ತನ್ನು ಎಡೆಬಿಡದೆ ಎಳೆಯುವುದಿಲ್ಲ. ಗೀಸರ್ ಕಾಲು ಗಂಟೆ ಉರಿದು ಆರುತ್ತದೆ, ಇಸ್ತ್ರಿಪೆಟ್ಟಿಗೆ ಬಿಟ್ಟುಬಿಟ್ಟು ಎಳೆಯುತ್ತದೆ. ಕಾರು ಮಾತ್ರ ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತಿರುತ್ತದೆ. ಹಳೆಯ ಸಾಕೆಟ್ಟಿನ ಸಡಿಲ ಹಿಡಿತದಲ್ಲಿ 0.1 ಓಮ್‌ನಷ್ಟು ಅಲ್ಪ ಪ್ರತಿರೋಧವಿದ್ದರೂ, 16 ಆಂಪಿಯರ್ ಹರಿಯುವಾಗ ಆ ಒಂದು ಬಿಂದುವಿನಲ್ಲಿ 25 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಚಿಕ್ಕ ಕಡ್ಡಿಯ ಶಾಖವೂ ಅಷ್ಟೇ. ಆ ಶಾಖಕ್ಕೆ ಲೋಹದ ಹಿಡಿತ ಮತ್ತಷ್ಟು ಸಡಿಲವಾಗುತ್ತದೆ, ಪ್ರತಿರೋಧ ಇನ್ನಷ್ಟು ಏರುತ್ತದೆ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ. ಪ್ರವಾಹ ಮಿತಿಮೀರಿದಾಗ ತಾನೇ ಕಡಿದುಹಾಕುವ ಸ್ವಿಚ್ಚಾದ ಎಂಸಿಬಿ ಇದನ್ನು ಗಮನಿಸುವುದೇ ಇಲ್ಲ, ಏಕೆಂದರೆ ತಂತಿಯಲ್ಲಿ ಹರಿಯುತ್ತಿರುವ ಪ್ರವಾಹ ಮಿತಿಯೊಳಗೇ ಇರುತ್ತದೆ. ಹಾಗಾಗಿ ಚಿಕ್ಕ ಚಾರ್ಜರನ್ನೇ ಬಳಸಲು ನಿರ್ಧರಿಸಿದರೂ ಈಗಿರುವ ಸಾಕೆಟ್ಟಿಗೆ ಅದನ್ನು ಚುಚ್ಚಬೇಡಿ. ಮೇನ್ ಬೋರ್ಡಿನಿಂದ ಕಾರಿಗೆಂದೇ ಪ್ರತ್ಯೇಕ ತಂತಿ ಎಳೆಸಿ, ಗಟ್ಟಿ ಹಿಡಿತದ ಹೊಸ ಸಾಕೆಟ್ ಹಾಕಿಸಿ.

ಆ ತಂತಿ ಎಷ್ಟು ದಪ್ಪವಿರಬೇಕು? ನಿಮ್ಮ 20 ಮೀಟರ್ ದೂರಕ್ಕೆ ಹೋಗಿಬರುವ ದಾರಿ 40 ಮೀಟರ್. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 32 ಆಂಪಿಯರ್ ಹರಿದರೆ ಐದೂವರೆ ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗಿ ಸುಮಾರು 180 ವ್ಯಾಟ್ ಗೋಡೆಯೊಳಗೆ ಶಾಖವಾಗುತ್ತದೆ. 6 ಚದರ ಮಿಲಿಮೀಟರಿನದರಲ್ಲಿ ಇದು 120 ವ್ಯಾಟಿಗೆ ಇಳಿಯುತ್ತದೆ. 32 ಆಂಪಿಯರಿಗೆ ಸಾಮಾನ್ಯವಾಗಿ 6 ಚದರ ಮಿಲಿಮೀಟರಿನ ತಂತಿಯನ್ನೇ ಹಾಕುತ್ತಾರೆ. ತಂತಿ ಬಿಸಿಲಿಗೆ ಕಾಯುವ ಜಾಗದಲ್ಲಿ ಹಾದುಹೋಗುವುದಾದರೆ ಅಥವಾ ಒಂದೇ ಪೈಪಿನಲ್ಲಿ ಬೇರೆ ತಂತಿಗಳೂ ಇದ್ದರೆ 10 ಚದರ ಮಿಲಿಮೀಟರಿನದನ್ನು ಕೇಳಿ. ಈಗ ಚಿಕ್ಕ ಚಾರ್ಜರ್ ಸಾಕೆನಿಸಿದರೂ ತಂತಿಯನ್ನು ಮಾತ್ರ 32 ಆಂಪಿಯರಿಗೆ ತಕ್ಕಂತೆ ಎಳೆಸುವುದು ಒಳ್ಳೆಯದು. ಪೆಟ್ಟಿಗೆಯನ್ನು ಒಂದು ಗಂಟೆಯಲ್ಲಿ ಬದಲಿಸಬಹುದು, ಗೋಡೆಯನ್ನು ಎರಡನೆಯ ಸಲ ಕೊರೆಯುವುದು ಯಾರಿಗೂ ಬೇಡ.

ರಕ್ಷಣೆಯ ವಿಷಯದಲ್ಲಿ ಎಲೆಕ್ಟ್ರಿಷಿಯನ್ ‘ಎಂಸಿಬಿ ಹಾಕಿದ್ದೇನೆ, ಸಾಕು’ ಎಂದರೆ ಒಪ್ಪಬೇಡಿ. ಎಂಸಿಬಿ ತಂತಿಯನ್ನು ಕಾಯುತ್ತದೆ. ಮನುಷ್ಯರನ್ನು ಕಾಯುವುದು ಸೋರುವ ವಿದ್ಯುತ್ತನ್ನು ಗುರುತಿಸಿ 30 ಮಿಲಿಆಂಪಿಯರಿನೊಳಗೆ ಕಡಿದುಹಾಕುವ ಆರ್‌ಸಿಸಿಬಿ. ಅದರಲ್ಲಿಯೂ ಬಗೆಗಳಿವೆ. ಕಾರಿನೊಳಗಿನ ಪರಿವರ್ತಕದಲ್ಲಿ ದೋಷವುಂಟಾದರೆ ಡಿಸಿ ಸೋರಿಕೆಯಾಗಬಹುದು, ಆ ಡಿಸಿ ಸಾಮಾನ್ಯ ‘ಎಸಿ’ ಬಗೆಯ ಆರ್‌ಸಿಸಿಬಿಯ ಕಾಂತೀಯ ತಿರುಳನ್ನು ಮಂಕಾಗಿಸಿ, ನಿಜವಾದ ಅಪಾಯ ಬಂದಾಗ ಅದು ಕೆಲಸವನ್ನೇ ಮಾಡದಂತೆ ಮಾಡಿಬಿಡಬಲ್ಲದು. ಆದ್ದರಿಂದ 6 ಮಿಲಿಆಂಪಿಯರಿನ ಡಿಸಿ ಸೋರಿಕೆಯನ್ನು ಗುರುತಿಸುವ ವ್ಯವಸ್ಥೆ ಚಾರ್ಜರಿನೊಳಗೆ ಇದೆಯೇ ಎಂದು ಅದರ ವಿವರಪತ್ರದಲ್ಲಿ ನೋಡಿ. ಇದ್ದರೆ ‘ಎ’ ಬಗೆಯ ಆರ್‌ಸಿಸಿಬಿ ಸಾಕು. ಇಲ್ಲದಿದ್ದರೆ ದುಬಾರಿಯಾದರೂ ‘ಬಿ’ ಬಗೆಯದು ಬೇಕು. ಅರ್ಥಿಂಗನ್ನು ಅಳತೆಯ ಉಪಕರಣದಿಂದಲೇ ಪರೀಕ್ಷಿಸಬೇಕು. ಅನೇಕ ಗೋಡೆ ಚಾರ್ಜರುಗಳು ಅರ್ಥಿಂಗ್ ಸರಿಯಿಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತವೆ. ಆಗ ಆ ಎಚ್ಚರಿಕೆಯನ್ನು ತಪ್ಪಿಸಲು ನ್ಯೂಟ್ರಲ್ ತಂತಿಯನ್ನು ಅರ್ಥಿಗೆ ಸೇರಿಸಿ ‘ಸರಿಪಡಿಸಿದ’ ಕೆಲಸವನ್ನು ನಾನು ಕಂಡಿದ್ದೇನೆ. ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಕಾರಿನ ಇಡೀ ಲೋಹದ ಮೈಗೆ ವಿದ್ಯುತ್ ಹರಿಯುತ್ತದೆ. ದಯವಿಟ್ಟು ಇದಕ್ಕೆ ಯಾರಿಗೂ ಅವಕಾಶ ಕೊಡಬೇಡಿ.

ಕೊನೆಯದಾಗಿ ಮನೆಯ ಒಟ್ಟು ಹೊರೆ. 7.4 ಕಿಲೋವ್ಯಾಟ್ ಕಾರಿನ ಜೊತೆಗೆ 2 ಕಿಲೋವ್ಯಾಟ್ ಗೀಸರ್, ಒಂದೂವರೆ ಕಿಲೋವ್ಯಾಟ್ ಹವಾನಿಯಂತ್ರಕ ಓಡಿದರೆ 47 ಆಂಪಿಯರ್ ದಾಟುತ್ತದೆ. ಮನೆಗೆ ಮಂಜೂರಾದ ಲೋಡ್ ಅದಕ್ಕಿಂತ ಕಡಿಮೆಯಿದ್ದರೆ ಅದನ್ನು ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಮೀಟರಿನ ಬಳಿ ಅಳತೆಯ ಸುರುಳಿ ಕೂರಿಸಿ ಮನೆಯ ಬಳಕೆ ಏರಿದಾಗ ಕಾರಿನ ಪಾಲನ್ನು ತಾನೇ ತಗ್ಗಿಸುವ ಚಾರ್ಜರನ್ನು ಕೊಳ್ಳಬೇಕು.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ 32 ಆಂಪಿಯರಿನ ತಂತಿ, ಸರಿಯಾದ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಈ ಮೂರಕ್ಕೆ ಮೊದಲು ಹಣ ಹಾಕಿ, ಕಾರಿನ ಜೊತೆ ಬಂದ ಚಾರ್ಜರಿನಲ್ಲೇ ಎರಡು ತಿಂಗಳು ಕಳೆಯುತ್ತಿದ್ದೆ. ಅದು ಸಾಲದೆಂದು ಅನುಭವದಿಂದಲೇ ತಿಳಿದರೆ, ಆಂಪಿಯರನ್ನು ತಗ್ಗಿಸಿ ಹೊಂದಿಸಬಲ್ಲ 7.4 ಕಿಲೋವ್ಯಾಟಿನ ಪೆಟ್ಟಿಗೆಯನ್ನು ಆಗ ಕೊಳ್ಳುತ್ತಿದ್ದೆ.

ಪ್ರಶ್ನೆ: ನಮ್ಮ ಛಾವಣಿಯ ಮೇಲೆ 3 ಕಿಲೋವ್ಯಾಟಿನ ಸೌರಫಲಕಗಳಿವೆ. ಹೆಚ್ಚಾಗಿ ಉಳಿಯುವ ಸೌರವಿದ್ಯುತ್ತಿನಿಂದಲೇ ಕಾರನ್ನು ತುಂಬಿಸಲು ಸಾಧ್ಯವೇ?

ಉತ್ತರ: ಹಗಲಿನಲ್ಲಿ ಕಾರು ಮನೆಯಲ್ಲಿದ್ದರೆ ಸಾಧ್ಯ. ಎಸಿ ಚಾರ್ಜಿಂಗ್ ನಿಯಮದ ಪ್ರಕಾರ ಕಾರು 6 ಆಂಪಿಯರಿಗಿಂತ ಕಡಿಮೆಯಲ್ಲಿ ತುಂಬುವುದಿಲ್ಲ. ಸಿಂಗಲ್ ಫೇಸಿನಲ್ಲಿ ಇದು ಸುಮಾರು 1.4 ಕಿಲೋವ್ಯಾಟ್, ತ್ರೀ ಫೇಸಿನಲ್ಲಿ 4.1 ಕಿಲೋವ್ಯಾಟ್. ನಿಮ್ಮ ಫಲಕಗಳಿಗೆ ತ್ರೀ ಫೇಸ್ ಚಾರ್ಜಿಂಗಿನ ಕನಿಷ್ಠ ಮಿತಿಯನ್ನೇ ಮುಟ್ಟಲಾಗದು, ಆದ್ದರಿಂದ ಸಿಂಗಲ್ ಫೇಸಿನ ಚಾರ್ಜರನ್ನೇ ಆರಿಸಿ. ಮೋಡ ಬಂದಾಗ ಪ್ರವಾಹವನ್ನು ತಗ್ಗಿಸಿ, ಬಿಸಿಲು ಮರಳಿದಾಗ ಏರಿಸುವ ‘ಸೋಲಾರ್’ ವಿಧಾನ ಅದರಲ್ಲಿರಲಿ.

ಪ್ರಶ್ನೆ: ಕಾರು ತೆರೆದ ಜಾಗದಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಚಾರ್ಜ್ ಮಾಡಬಹುದೇ? ಎಕ್ಸ್‌ಟೆನ್ಷನ್ ಬೋರ್ಡ್ ಬಳಸಬಹುದೇ?

ಉತ್ತರ: ಮಳೆಯಲ್ಲಿ ಮಾಡಬಹುದು. ಕಾರು ಮತ್ತು ಚಾರ್ಜರ್ ಪರಸ್ಪರ ಗುರುತಿಸಿಕೊಳ್ಳುವವರೆಗೆ ಕಾರಿಗೆ ಚುಚ್ಚುವ ಗನ್ನಿನ ತುದಿಗೆ ವಿದ್ಯುತ್ ಬರುವುದೇ ಇಲ್ಲ. ಪೆಟ್ಟಿಗೆಗೆ ದೂಳು, ನೀರಿನಿಂದ ಕನಿಷ್ಠ ಐಪಿ54 ದರ್ಜೆಯ ರಕ್ಷಣೆ ಇರಲಿ, ಮಳೆಗೆ ನೇರವಾಗಿ ಒಡ್ಡಿದ್ದರೆ ಐಪಿ65 ಲೇಸು. ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ: ಕಾರಿನ ಗನ್ನಿಗಿರುವ ಕಾವಲು ಅದರ ಸಾಕೆಟ್ಟಿಗೆ ಇಲ್ಲ, ಸುರುಳಿ ಸುತ್ತಿಟ್ಟ ಅದರ ತೆಳು ತಂತಿಯ ಶಾಖ ಹೊರಹೋಗಲಾರದೆ ಒಳಗೇ ಕೂಡಿಕೊಳ್ಳುತ್ತದೆ. ದೂರದ ತೊಂದರೆಯಿದ್ದರೆ 5 ಮೀಟರಿನ ಬದಲು ಏಳೂವರೆ ಮೀಟರ್ ಕೇಬಲ್ ಇರುವ ಚಾರ್ಜರನ್ನು ಕೊಳ್ಳಿ. ಅದಕ್ಕೂ ಮೊದಲು ಕಾರಿನ ಚಾರ್ಜಿಂಗ್ ಬಾಯಿ ಮುಂದಿದೆಯೋ, ಹಿಂಬದಿಯ ಪಕ್ಕದಲ್ಲಿದೆಯೋ ನೋಡಿ, ಕಾರನ್ನು ನೀವು ದಿನವೂ ನಿಲ್ಲಿಸುವ ರೀತಿಯಲ್ಲೇ ನಿಲ್ಲಿಸಿ, ಗೋಡೆಯಿಂದ ಅಲ್ಲಿಗೆ ಹಗ್ಗ ಹಿಡಿದು ಅಳೆದುಕೊಳ್ಳಿ.