ಮಂಗಳೂರಿನಿಂದ ಕ್ಯಾರವಾನಿನಲ್ಲಿ ಆಗುಂಬೆ, ಕುದುರೆಮುಖ, ಮರವಂತೆ ಸುತ್ತಲು ಯಾವ ರೂಟ್ ಒಳ್ಳೆಯದು?

ನವೆಂಬರಿನಲ್ಲಿ ಮೂರು ದಿನ, ಅಪ್ಪ ಅಮ್ಮ, ಇಬ್ಬರು ಮಕ್ಕಳು, ದಿನಕ್ಕೊಂದು ಚಂದದ ಜಾಗ, ರಾತ್ರಿ ಗಾಡಿಯಲ್ಲೇ ನಿದ್ದೆ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಬೇಡಿ. ಹೆಚ್ಚುಕಮ್ಮಿ ಇದೇ ಪಟ್ಟಿಯನ್ನು ನಾನೂ ಬರೆದಿದ್ದೆ. ಅದು ಮೊದಲ ರಾತ್ರಿಯೇ ಹೆಬ್ರಿ ಹತ್ತಿರ ಒಂದು ಗದ್ದೆಯಲ್ಲಿ ಹೂತುಹೋಯಿತು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಹೂತದ್ದು. ಹಿಂದಿನ ಚಕ್ರ ಆಕ್ಸಲ್ ತನಕ ಒಳಗೆ.

ನಮ್ಮದು ಉಡುಪಿ. ಡ್ರೈವರ್ ಸಮೇತ ಬಾಡಿಗೆಗೆ ಸಿಕ್ಕಿದ ಗಾಡಿ, ಟೆಂಪೋ ಟ್ರಾವೆಲರ್ ಅಳತೆಯದ್ದು. ಒಳಗೆ ಮಂಚ, ಸಣ್ಣ ಅಡುಗೆಕಟ್ಟೆ, ಟಾಯ್ಲೆಟ್. ಭಾವನ ಪರಿಚಯದವರೊಬ್ಬರು ರಾತ್ರಿ ತಮ್ಮ ಜಾಗದಲ್ಲಿ ನಿಲ್ಲಿಸಿಕೊಳ್ಳಿ ಎಂದಿದ್ದರು. ಹೋಗಿ ನೋಡಿದರೆ ಅಂಗಳದ ತುಂಬ ಭತ್ತ ಹರಡಿದೆ, ಎದುರಿಗೆ ಹಟ್ಟಿ, ಪಕ್ಕದಲ್ಲಿ ಗೊಬ್ಬರದ ಗುಂಡಿ. ಅಷ್ಟು ದುಡ್ಡು ಕೊಟ್ಟು ಗಾಡಿ ತಂದು ಗೊಬ್ಬರದ ಗುಂಡಿ ನೋಡುತ್ತಾ ಚಾ ಕುಡಿಯುವುದೇ? ಕೆಳಗೆ ಕೊಯ್ಲಾದ ಗದ್ದೆ, ಅದರಾಚೆ ಅಡಿಕೆ ತೋಟ, ಅದರ ಮೇಲೆ ಸಾಲಾಗಿ ಘಟ್ಟ. ನನ್ನ ಕಣ್ಣು ಅಲ್ಲಿಂದ ಕೀಳಲೇ ಇಲ್ಲ.

ಯಜಮಾನರು ಸ್ಪಷ್ಟವಾಗಿ ಹೇಳಿದರು, "ಅಲ್ಲಿ ಬೇಡ ಮಾರಾಯ್ರೆ, ಅದು ಬೈಲು. ಭತ್ತ ಒಂದು ಬದಿಗೆ ಬಳಿದು ಕೊಡ್ತೇನೆ, ಅಂಗಳದಲ್ಲೇ ಹಾಕಿ." ನಾನು ಗದ್ದೆಗಿಳಿದು ಕಾಲಲ್ಲಿ ಕುಟ್ಟಿ ನೋಡಿದೆ. ಕೂಳೆ ಒಣಗಿ ಚಪ್ಪಲಿಯಡಿ ಚರಚರ ಅನ್ನುತ್ತಿತ್ತು, ಮಣ್ಣು ಸಣ್ಣಗೆ ಬಿರುಕು ಬಿಟ್ಟಿತ್ತು. "ಗಟ್ಟಿ ಉಂಟಲ್ಲ, ಕಟಾವು ಮೆಷಿನ್ನೇ ಓಡಿದೆ ಇಲ್ಲಿ" ಅಂದೆ. ಅವರು ಮತ್ತೆ ಏನೂ ಹೇಳಲಿಲ್ಲ. ನಮ್ಮ ಕಡೆಯವರು ಎರಡನೇ ಸಲ ಹೇಳುವುದಿಲ್ಲ ನೋಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಮೂರೂ ದಿನ ಹಾಳಾದದ್ದು ಇದೊಂದರಿಂದ. ನಮ್ಮ ಜಿಲ್ಲೆಯ ಗದ್ದೆಗಳಲ್ಲಿ ಮೂರು ಬಗೆ: ಎತ್ತರದ್ದು ಬೆಟ್ಟು, ನಡುವಿನದ್ದು ಮಜಲು, ತಗ್ಗಿನದ್ದು ಬೈಲು. ಸುತ್ತಲಿನ ಗುಡ್ಡದ ನೀರೆಲ್ಲ ಇಳಿದು ಸೇರುವುದು ಬೈಲಿಗೆ. ಮಳೆ ನಿಂತು ತಿಂಗಳಾದರೂ ಅಲ್ಲಿ ಮೇಲಿನ ಒಂದು ಗೇಣು ಮಾತ್ರ ಒಣಗಿರುತ್ತದೆ, ಅಡಿಯಲ್ಲಿ ಮೆದು ಜೇಡಿ. ಭತ್ತ ಕೊಯ್ದ ಗದ್ದೆಗೆ ಉದ್ದು ಬಿತ್ತಿ, ನೀರು ಬಿಡದೆಯೇ ಬೆಳೆ ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಆ ಉದ್ದು ಬೆಳೆಯುವುದು ಯಾವ ತೇವದಲ್ಲಿ? ಅದೇ ತೇವದ ಮೇಲೆ ಗಾಡಿ ನಿಲ್ಲಿಸಲು ಹೊರಟಿದ್ದೆ. ಇನ್ನು ಕಟಾವು ಮೆಷಿನ್ ವಿಷಯ. ಈ ಕಡೆಯ ಕೆಸರು ಗದ್ದೆಗೆ ಬರುವ ಮೆಷಿನ್‌ಗೆ ಚಕ್ರ ಇರುವುದಿಲ್ಲ, ಅಗಲದ ರಬ್ಬರ್ ಪಟ್ಟಿ ಇರುತ್ತದೆ; ಭಾರ ಅಷ್ಟಗಲಕ್ಕೆ ಹಂಚಿಹೋಗುತ್ತದೆ. ಕ್ಯಾರವಾನ್‌ನಲ್ಲಿ ಮಂಚ, ಬ್ಯಾಟರಿ, ಗ್ಯಾಸ್, ಮೇಲೆ ನೀರು. ನೀರು ಲೀಟರಿಗೆ ಒಂದು ಕಿಲೋ ತಾನೆ? 100 ಲೀಟರ್ ತುಂಬಿದರೆ ಒಂದು ಕ್ವಿಂಟಲ್ ಹೇರಿದ ಹಾಗೆ. ಅಷ್ಟೂ ಭಾರ ಅಂಗೈಯಗಲದ ನಾಲ್ಕಾರು ಜಾಗಗಳಲ್ಲಿ ನೆಲಕ್ಕೆ ಒತ್ತುತ್ತದೆ.

ಇಳಿಯುವಾಗ ಏನೂ ಆಗಲಿಲ್ಲ. ಸಂಜೆ ಚಾ ಆಯಿತು, ಫೋಟೋ ಆಯಿತು, ಫೋಟೋಕ್ಕೆ ಲೈಕೂ ಬಂತು. ರಾತ್ರಿ ಗುಡುಗಿ ಒಂದು ಗಂಟೆ ಮಳೆ ಹೊಯ್ಯಿತು. ನವೆಂಬರಿನಲ್ಲಿ ಸಂಜೆಯ ಮೇಲೆ ಹೀಗೆ ಬರುವುದು ಇಲ್ಲಿ ಹೊಸತಲ್ಲ. ಅಡುಗೆಕಟ್ಟೆಯ ಮೇಲಿದ್ದ ಲೋಟ ತಾನಾಗಿ ಜಾರತೊಡಗಿತು. ಮೊದಲು ನೋಡಿದ್ದು ಮಗಳು. ಡ್ರೈವರ್ ಎದ್ದು ಇಂಜಿನ್ ಚಾಲು ಮಾಡಿ ಎಕ್ಸಿಲರೇಟರ್ ಒತ್ತಿದ; ಚಕ್ರ ನಿಂತಲ್ಲೇ ತಿರುಗಿತು. ಅಲ್ಲಿಗೇ ನಿಲ್ಲಿಸಿ ಚಕ್ರದ ಮುಂದಿನ ಮಣ್ಣು ತೆಗೆದು, ಗಾಳಿ ಸ್ವಲ್ಪ ಇಳಿಸಿ, ಹಲಗೆ ಕೊಟ್ಟಿದ್ದರೆ ಬರುತ್ತಿತ್ತೋ ಏನೋ. ನಾನೇ ಹಿಂದೆ ನಿಂತು "ಇನ್ನೂ ಕೊಡಿ, ಇನ್ನೂ ಕೊಡಿ" ಅಂದವನು. ಕೊಟ್ಟಷ್ಟೂ ಇಳಿಯಿತು.

ಬೆಳಿಗ್ಗೆ ಟ್ರ್ಯಾಕ್ಟರ್ ಬಂತು, ಆಗಲಿಲ್ಲ. ಜೆಸಿಬಿ ಬಂತು. ಅದು ಎಳೆಯುವಾಗ ಗಾಡಿಯ ಬಾಲ ಗದ್ದೆಯ ಅಂಚಿಗೆ ಬಡಿದು, ಅಡಿಯಲ್ಲಿದ್ದ ಕೊಳೆನೀರಿನ ವಾಲ್ವ್ ಕಿತ್ತುಬಂತು. ಇವುಗಳ ಹಿಂಭಾಗ ಚಕ್ರದಿಂದ ಬಹಳ ಆಚೆಗೆ ಚಾಚಿರುತ್ತದೆ, ವಾಲ್ವ್ ಇರುವುದೂ ಅಲ್ಲೇ. ಜೆಸಿಬಿ ಬಾಡಿಗೆ, ಅಂಚು ಕಟ್ಟಿಸಿದ ಖರ್ಚು, ಗಾಡಿಯವರು ಹಿಡಿದುಕೊಂಡ ಡೆಪಾಸಿಟ್. ಎಲ್ಲ ಕೂಡಿಸಿದರೆ ಒಳ್ಳೆಯ ಹೋಮ್‌ಸ್ಟೇಯಲ್ಲಿ ವಾರ ಕೂರಬಹುದಿತ್ತು. ಅಮ್ಮನಿಗೆ ಮಾತ್ರ ಆ ರಾತ್ರಿಯ ಬಗ್ಗೆ ಒಂದೂ ದೂರಿಲ್ಲ. ಯಜಮಾನರ ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದವರು, ಬೆಳಿಗ್ಗೆ ಗಂಜಿಗೆ ಮಾವಿನ ಮಿಡಿ ನಂಚಿಕೊಂಡು ಆ ಮನೆಯವರ ಜೊತೆ ಸಂಬಂಧದ ಎಳೆ ಹುಡುಕುತ್ತಾ ಕೂತಿದ್ದರು.

ಹಾಗಾಗಿ ನೀವು ರೂಟ್ ಕೇಳಿದ್ದೇ ತಪ್ಪು ಎಂದು ನನ್ನ ವಾದ. ಮೊದಲು ರಾತ್ರಿ ನಿಲ್ಲುವ ನೆಲ ಗೊತ್ತಾಗಬೇಕು, ರೂಟ್ ಆಮೇಲೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗಟ್ಟಿ ಅಂಗಳ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ, ಎದುರಿಗೆ ಹಟ್ಟಿ ಇದ್ದರೂ ಸರಿ. ಬೋಳು ಪದವಿನ (ಮರವಿಲ್ಲದ ಚಪ್ಪಟೆ ಗುಡ್ಡದ) ನೆತ್ತಿ ಬೇಡ, ಸಿಡಿಲಿನ ಕಾಲ. ತೆಂಗಿನ ಮರದ ಅಡಿ ಅಂತೂ ಬೇಡವೇ ಬೇಡ. ನಿಲ್ಲಿಸಿದ ಮೇಲೆ ಒಂದು ಬಟ್ಟಲು ನೀರು ಅಡುಗೆಕಟ್ಟೆಯ ಮೇಲಿಟ್ಟು ನೋಡಿ. ನೀರು ಒಂದು ಬದಿಗೆ ವಾಲಿದರೆ ತಗ್ಗಿನ ಚಕ್ರದಡಿ ಹಲಗೆ ಕೊಡಿ. ಇಲ್ಲದಿದ್ದರೆ ನಿಮ್ಮ ಅಪ್ಪ ರಾತ್ರಿಯಿಡೀ ತಲೆ ಕೆಳಗಾಗಿ ಮಲಗಬೇಕಾದೀತು.

ಇನ್ನು ನಿಮ್ಮ ಪಟ್ಟಿ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಬಸ್ಸುಗಳಲ್ಲೂ ಅಲ್ಲಿ ಓಡುವುದು ಮಿನಿ ಬಸ್ಸೇ. ಬಾಲ ಉದ್ದದ ಗಾಡಿಯನ್ನು ಸೂರ್ಯಾಸ್ತ ನೋಡಲಿಕ್ಕೆ ಅಲ್ಲಿಗೆ ಹತ್ತಿಸುವುದು, ಕತ್ತಲಲ್ಲಿ ಇಳಿಸುವುದು ಯಾರಿಗೆ ಬೇಕಾಗಿದೆ? ಗಾಡಿ ಕೆಳಗೇ ಇರಲಿ, ಬಾಡಿಗೆ ಕಾರಿನಲ್ಲಿ ಹೋಗಿ ಬನ್ನಿ. ಕಾರ್ಕಳದಿಂದ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ಮೂಲಕ ಕುದುರೆಮುಖಕ್ಕೆ ಹೋಗುವ ದಾರಿ ರಾಷ್ಟ್ರೀಯ ಉದ್ಯಾನದ ಒಳಗಿನದ್ದು. ಚೆಕ್‌ಪೋಸ್ಟಿನಲ್ಲಿ ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲಿಸಲಿಕ್ಕಿಲ್ಲ, ಒಲೆ ಹಚ್ಚಲಿಕ್ಕಂತೂ ಇಲ್ಲವೇ ಇಲ್ಲ. ನಿಲ್ಲಿಸಲಾಗದ ಕಾಡಿನಲ್ಲಿ ಮಂಚವಿರುವ ಗಾಡಿ ಏನು ಮಾಡುತ್ತದೆ? ಮರವಂತೆ ಚಂದವೇ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಆದರೆ ನಡುವೆ ಇರುವುದು ರಾಷ್ಟ್ರೀಯ ಹೆದ್ದಾರಿ 66. ರಾತ್ರಿಯಿಡೀ ಮೀನಿನ ಲಾರಿಯ ಹಾರ್ನ್ ಕೇಳಲಿಕ್ಕುಂಟು. ಹಗಲು ಒಂದು ಗಂಟೆ ನಿಂತು ಬಂದರೆ ಸಾಕು.

ನಾನಾದರೆ ಹೆಬ್ರಿ–ಕಾರ್ಕಳದ ನಡುವೆ ಎಲ್ಲಾದರೂ ಒಂದೇ ಅಂಗಳದಲ್ಲಿ ಎರಡು ರಾತ್ರಿಯೂ ಇರುತ್ತೇನೆ. ಅಪ್ಪ ಅಮ್ಮನಿಗೆ ವರಂಗದ ಕೆರೆ ಬಸದಿ, ದೋಣಿಯಲ್ಲಿ ಕೂತು ಹೋಗುವುದು, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಕಾರ್ಕಳದ ಗೊಮ್ಮಟನಿಗಾದರೆ ಮಂಡಿ ಗಟ್ಟಿ ಬೇಕು. 1432ರಲ್ಲಿ ನಿಲ್ಲಿಸಿದ 42 ಅಡಿ ಎತ್ತರದ ಮೂರ್ತಿ, ಮಕ್ಕಳು ಖುಷಿಪಡುತ್ತಾರೆ. ಒಂದು ದಿನಕ್ಕೆ ಇಷ್ಟು ಧಾರಾಳ ಸಾಕು, ಮಾರನೆಯ ದಿನಕ್ಕೆ ಆಗುಂಬೆ ಇಡಿ. ಹೊಳೆ ಬದಿಯ ಮರಳಿನಲ್ಲಿ ಮಾತ್ರ ಮಲಗಬೇಡಿ. ಇಲ್ಲಿ ನಕ್ಷತ್ರ ಕಾಣುತ್ತಿದ್ದಾಗಲೇ ಮೇಲೆ ಘಟ್ಟದಲ್ಲಿ ಮಳೆ ಬಿದ್ದು ನೀರು ಏರುವುದುಂಟು.

ಮಕ್ಕಳಿಗೆ ಹೊರಗೆ ಟೆಂಟ್ ಹಾಕುತ್ತೀರಿ ಎಂದು ಬರೆದಿದ್ದೀರಿ. ಹಾಕಿ. ಅಡಿಗೆ ಹಾಸುವ ಟಾರ್ಪಾಲು ಟೆಂಟಿಗಿಂತ ಹೊರಗೆ ಚಾಚದ ಹಾಗೆ ಒಳಕ್ಕೆ ಮಡಚಿ, ಇಲ್ಲದಿದ್ದರೆ ಮಳೆನೀರನ್ನು ಅದೇ ಹಿಡಿದು ಹಾಸಿಗೆಯಡಿಗೆ ತರುತ್ತದೆ. ಚಳಿ ಎಂದು ಕೆಂಡದ ಬಾಣಲೆಯನ್ನು ಟೆಂಟಿನ ಒಳಗಿಡುವವರನ್ನು ನೋಡಿದ್ದೇನೆ. ಅದರ ಹೊಗೆಯಿಲ್ಲದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಈ ಕರಾವಳಿಯ ಚಳಿಗೆ ಒಂದು ಕಂಬಳಿ ಸಾಲದೇ?

ಡ್ರೈವರ್ ಎಲ್ಲಿ ಮಲಗುತ್ತಾನೆ ಎಂದೂ ಯೋಚಿಸಿ, ಸೀಟಿನಲ್ಲಿ ಮುದುಡಿ ರಾತ್ರಿ ಕಳೆದವನನ್ನು ಬೆಳಿಗ್ಗೆ ಗಾಡಿ ಓಡಿಸು ಅನ್ನಬಾರದು.

ಮತ್ತೆ ಟಾಯ್ಲೆಟ್. ಬುಕ್ ಮಾಡುವಾಗ ಯಾರೂ ಈ ಮಾತು ಎತ್ತುವುದಿಲ್ಲ. ಐದಾರು ಜನ ಬಳಸಿದರೆ ಅದರ ಟ್ಯಾಂಕ್ ಒಂದೆರಡು ದಿನಕ್ಕೇ ತುಂಬುತ್ತದೆ, ಖಾಲಿ ಮಾಡಲಿಕ್ಕೆ ದಾರಿಬದಿಯಲ್ಲಿ ವ್ಯವಸ್ಥೆ ಸಿಕ್ಕೀತು ಎಂದು ನಂಬಿ ಹೊರಡಬೇಡಿ. ತೋಡಿಗೆ, ಹೊಳೆಗೆ ಬಿಟ್ಟರೆ ಊರವರು ಗಾಡಿ ಬಿಡಲಿಕ್ಕಿಲ್ಲ, ಬಿಡಲೂಬಾರದು. ಯಾರ ಅಂಗಳದಲ್ಲಿ ನಿಲ್ಲುತ್ತೀರೋ ಅವರ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿಯಬಹುದೇ, ಗಾಡಿಯವರು ಟಾಯ್ಲೆಟ್ ಟ್ಯಾಂಕಿಗೆ ಹಾಕಿದ ಔಷಧ ಆ ಸೆಪ್ಟಿಕ್ ಟ್ಯಾಂಕಿಗೆ ಆಗುತ್ತದೆಯೇ, ಎರಡನ್ನೂ ಹೊರಡುವ ಮೊದಲೇ ಫೋನಿನಲ್ಲಿ ಕೇಳಿ ಮುಗಿಸಿ. ಅಲ್ಲಿ ಹೋಗಿ, ಅವರು ಬಾಳೆ ಹಾಕಿ ಬಡಿಸುವ ಹೊತ್ತಿಗೆ ತೆಗೆಯುವ ವಿಷಯ ಅಲ್ಲ ಅದು.