ಖರೀದಿಸಿದ ಕಾರನ್ನು ಮನೆಗೆ ತರುವ ದಾರಿಯಲ್ಲಿ ವಿಮೆ ಯಾರಿಗೆ ಸಲ್ಲುತ್ತದೆ?

ಪ್ರಶ್ನೆ: ಪರಿಚಿತರೊಬ್ಬರಿಂದ ಬಳಸಿದ ಕಾರೊಂದನ್ನು ಕೊಳ್ಳುವ ಮಾತುಕತೆ ಮುಗಿದಿದೆ. ಅವರ ಹೆಸರಿನಲ್ಲಿರುವ ಪ್ಯಾಕೇಜ್ ಪಾಲಿಸಿಯ ಅವಧಿ ಇನ್ನೂ ಕೆಲವು ತಿಂಗಳು ಉಳಿದಿದೆ. ಹಣ ಕೊಟ್ಟು, ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಅದೇ ದಿನ ನಾನೇ ಕಾರನ್ನು ಓಡಿಸಿಕೊಂಡು ಬರಬೇಕೆಂದಿದ್ದೇನೆ. ದಾರಿಯಲ್ಲಿ ಅಪಘಾತವಾದರೆ ಆ ಪಾಲಿಸಿ ನನ್ನ ನೆರವಿಗೆ ಬರುತ್ತದೆಯೇ? ಹೆಸರು ಬದಲಾಯಿಸಲು ಹದಿನಾಲ್ಕು ದಿನಗಳ ಅವಕಾಶವಿದೆ, ಅಲ್ಲಿಯವರೆಗೆ ಚಿಂತೆಯಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ನಿಮ್ಮ ಸ್ನೇಹಿತರ ಮಾತು ಅರ್ಧ ಮಾತ್ರ ಸರಿ, ಉಳಿದ ಅರ್ಧವನ್ನು ನಂಬಿ ಹೊರಟವರು ದೊಡ್ಡ ನಷ್ಟಕ್ಕೆ ಗುರಿಯಾಗಬಹುದು. ಪ್ಯಾಕೇಜ್ ಪಾಲಿಸಿ ಎಂಬ ಒಂದೇ ಕಾಗದದಲ್ಲಿ ಸ್ವಭಾವದಲ್ಲಿ ಬೇರೆಬೇರೆಯಾದ ರಕ್ಷಣೆಗಳು ಸೇರಿರುತ್ತವೆ ಮತ್ತು ಕಾರು ಕೈ ಬದಲಾದ ಕ್ಷಣದಲ್ಲಿ ಅವೆಲ್ಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಮೊದಲನೆಯದು ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಕಾರಿನಿಂದ ರಸ್ತೆಯಲ್ಲಿರುವ ಇತರರಿಗೆ ಆಗುವ ಸಾವು, ಗಾಯ ಅಥವಾ ಆಸ್ತಿ ನಷ್ಟಕ್ಕೆ ಸಂಬಂಧಿಸಿದ ಭಾಗ. ಮೋಟಾರು ವಾಹನ ಕಾಯ್ದೆ, 1988ರ 146ನೇ ಸೆಕ್ಷನ್ ಕಡ್ಡಾಯಗೊಳಿಸಿರುವುದು ಇದನ್ನೇ. ಅದೇ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ, ವಾಹನವನ್ನು ಪಾಲಿಸಿಯೊಂದಿಗೆ ಹಸ್ತಾಂತರಿಸಿದ ದಿನದಿಂದಲೇ ಈ ಭಾಗವು ಹೊಸ ಮಾಲೀಕರಿಗೆ ವರ್ಗವಾಗಿದೆ ಎಂದು ಭಾವಿಸಲಾಗುತ್ತದೆ. ಖರೀದಿದಾರರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮವಿರುವುದೂ ಇದೇ ಸೆಕ್ಷನ್‌ನಲ್ಲಿ. ಹಾಗಾಗಿ ದಾರಿಯಲ್ಲಿ ಪಾದಚಾರಿಯೊಬ್ಬರಿಗೆ ಪೆಟ್ಟಾದರೆ, ಪಾಲಿಸಿ ಚಾಲ್ತಿಯಲ್ಲಿದ್ದು ನಿಮ್ಮ ಚಾಲನಾ ಪರವಾನಗಿ ಸರಿಯಾಗಿದ್ದರೆ, ಅವರಿಗೆ ಸಲ್ಲಬೇಕಾದ ಪರಿಹಾರದ ಹೊಣೆ ವಿಮಾ ಕಂಪನಿಯ ಮೇಲಿರುತ್ತದೆ.

ಎರಡನೆಯದು ಓನ್ ಡ್ಯಾಮೇಜ್, ಅಂದರೆ ನೀವು ಹಣ ತೆತ್ತು ಕೊಂಡ ಕಾರಿಗೇ ಆಗುವ ಹಾನಿ ಅಥವಾ ಕಳವಿನ ಭಾಗ. ಇದು ತಾನಾಗಿ ವರ್ಗವಾಗುವುದಿಲ್ಲ. 157ನೇ ಸೆಕ್ಷನ್‌ನ ಪ್ರಯೋಜನವು ಮೂರನೆಯವರ ಹೊಣೆಗಾರಿಕೆಗೆ ಸೀಮಿತವೆಂದೂ, ವಾಹನದ ಸ್ವಂತ ಹಾನಿಯ ವಿಮೆಯು ಕಂಪನಿ ಮತ್ತು ಹೊಸ ಮಾಲೀಕರ ನಡುವೆ ಒಪ್ಪಂದವಾದರೆ ಮಾತ್ರ ಮುಂದುವರಿಯುತ್ತದೆಂದೂ ಸುಪ್ರೀಂ ಕೋರ್ಟ್ 1995ರಲ್ಲೇ ಸ್ಪಷ್ಟಪಡಿಸಿದೆ. ಖರೀದಿದಾರರ ಲಿಖಿತ ಕೋರಿಕೆ ಮತ್ತು ಮಾರಾಟಗಾರರ ಒಪ್ಪಿಗೆ ಎರಡೂ ಇದ್ದಾಗಲಷ್ಟೇ ಕಂಪನಿಗಳು ಈ ಭಾಗವನ್ನು ವರ್ಗಾಯಿಸುತ್ತವೆ. ಆದ್ದರಿಂದ ಕೊಂಡ ದಿನವೇ ನೀವು ಕಾರನ್ನು ಮರಕ್ಕೆ ಗುದ್ದಿದರೆ, ಹದಿನಾಲ್ಕು ದಿನಗಳ ಅವಕಾಶವನ್ನು ತೋರಿಸಿ ದುರಸ್ತಿಯ ಹಣ ಕೇಳಲು ಬರುವುದಿಲ್ಲ. ಹಳೆಯ ಮಾಲೀಕರೂ ಕೇಳುವಂತಿಲ್ಲ, ಏಕೆಂದರೆ ಮಾರಿದ ಬಳಿಕ ಆ ಕಾರಿನಲ್ಲಿ ಅವರ ವಿಮಾ ಹಿತಾಸಕ್ತಿ ಉಳಿದಿರುವುದಿಲ್ಲ, ಅಂದರೆ ಕಾರಿಗೆ ಹಾನಿಯಾದರೆ ನಷ್ಟ ಅವರದಲ್ಲ. ಪ್ರೀಮಿಯಂ ಪೂರ್ತಿ ಪಾವತಿಯಾಗಿದ್ದರೂ ಇಬ್ಬರಿಗೂ ದಕ್ಕದ ಈ ಅಂತರವನ್ನೇ ನೀವು ಮುಖ್ಯವಾಗಿ ಗಮನಿಸಬೇಕು.

ಮಾಲೀಕ-ಚಾಲಕರ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯೂ ಹಳೆಯ ಮಾಲೀಕರ ಹೆಸರಿಗೇ ಅಂಟಿಕೊಂಡಿರುವಂಥದ್ದು. ನಿಮ್ಮ ಬಳಿ ಈಗಾಗಲೇ ಇರುವ ಮತ್ತೊಂದು ಕಾರಿನ ಪಾಲಿಸಿ ಈ ಕಾರಿಗೆ ಅನ್ವಯಿಸುವುದಿಲ್ಲ.

ಹೀಗಿರುವಾಗ ಮಾಡಬೇಕಾದುದೇನು? ಸಾಧ್ಯವಾದರೆ ಕಾರನ್ನು ವಶಕ್ಕೆ ಪಡೆಯುವ ಮೊದಲೇ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆರ್‌ಸಿ ಬದಲಾಗುವವರೆಗೆ ಕಾಯಲೇಬೇಕೆಂದು ಹಲವರು ತಿಳಿದಿದ್ದಾರೆ, ಆದರೆ ಮಾರಾಟಕ್ಕೆ ಒಪ್ಪಬಹುದಾದ ಸಾಕ್ಷ್ಯ ಮತ್ತು ನೀವು ಸಹಿ ಮಾಡಿದ ಹೊಸ ಪ್ರಸ್ತಾವ ಪತ್ರವಿದ್ದರೆ ವರ್ಗಾವಣೆ ಸಾಧ್ಯ. ವಾಹನದ ಮಾಲೀಕತ್ವ ವರ್ಗಾವಣೆಗೆ ಸಾರಿಗೆ ಕಚೇರಿಗೆ ಸಲ್ಲಿಸುವ, ಸಹಿಯಾದ 29 ಮತ್ತು 30ನೇ ಫಾರಂಗಳ ಪ್ರತಿಗಳನ್ನು ಸಾಮಾನ್ಯವಾಗಿ ಇದಕ್ಕೆ ಕೇಳುತ್ತಾರೆ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ವ್ಯಕ್ತಿಗೆ ಸೇರಿದ್ದೇ ಹೊರತು ವಾಹನಕ್ಕಲ್ಲ. ಮಾರಾಟಗಾರರು ಆ ರಿಯಾಯಿತಿ ಪಡೆದಿದ್ದರೆ, ಅದರ ವ್ಯತ್ಯಾಸದ ಮೊತ್ತವನ್ನು ಉಳಿದ ಅವಧಿಗೆ ನೀವು ಕಟ್ಟಬೇಕಾಗುತ್ತದೆ. ಈ ಖರ್ಚಿಗೆ ಹಿಂಜರಿಯಬೇಡಿ.

ಅಷ್ಟು ಸಮಯವಿಲ್ಲದಿದ್ದರೆ ಇನ್ನೊಂದು ದಾರಿಯಿದೆ, ನನ್ನ ಅಭಿಪ್ರಾಯದಲ್ಲಿ ಪರಿಚಿತರ ನಡುವಿನ ವ್ಯವಹಾರಕ್ಕೆ ಇದೇ ಹೆಚ್ಚು ಸೂಕ್ತ. ಮುಂಗಡ ಮಾತ್ರ ಕೊಟ್ಟು, ಕಾರನ್ನು ನಿಮ್ಮ ಮನೆಗೆ ತಲುಪಿಸಿದ ಮೇಲೆಯೇ ಮಾರಾಟ ಪೂರ್ಣವಾಗುವುದೆಂದು ಬರವಣಿಗೆಯಲ್ಲಿ ಒಪ್ಪಿಕೊಂಡು, ಮಾರಾಟಗಾರರೇ ಅದನ್ನು ಓಡಿಸಿಕೊಂಡು ಬರಲಿ. ದಾರಿಯುದ್ದಕ್ಕೂ ಅವರೇ ಮಾಲೀಕರಾಗಿರುವುದರಿಂದ ಪಾಲಿಸಿಯ ಎಲ್ಲ ಭಾಗಗಳೂ ಎಂದಿನಂತೆ ಜೀವಂತವಾಗಿರುತ್ತವೆ. ಆದರೆ ಹಣ ಪೂರ್ತಿ ಸಂದಾಯವಾಗಿ, ಕಾಗದಗಳೂ ಕೈ ಸೇರಿದ ಮೇಲೆ ತಾರೀಖನ್ನು ಮುಂದಕ್ಕೆ ಬರೆದುಕೊಳ್ಳುವ ಉಪಾಯಕ್ಕೆ ಮಾತ್ರ ಕೈ ಹಾಕಬೇಡಿ. ಅದು ಸುಳ್ಳು ದಾಖಲೆಯಾಗುತ್ತದೆ ಮತ್ತು ಕ್ಲೇಮ್ ತನಿಖೆಯಲ್ಲಿ ಬಯಲಾಗುತ್ತದೆ.

ಪಾಲಿಸಿಯ ಅವಧಿ ಮುಗಿದಿದ್ದರೆ ಕಾರನ್ನು ರಸ್ತೆಗಿಳಿಸಲೇಬಾರದು. ನವೀಕರಣಕ್ಕೆ 90 ದಿನ ಇದೆಯಲ್ಲ ಎನ್ನುವವರಿದ್ದಾರೆ. ಆ 90 ದಿನಗಳು ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳಲಷ್ಟೇ, ಆ ಅವಧಿಯಲ್ಲಿ ಯಾವ ರಕ್ಷಣೆಯೂ ಇರುವುದಿಲ್ಲ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಬಾರಿಗೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಹೊಸ ಪಾಲಿಸಿ ಮಾಡಿಸಿದರೆ ಅದು ಆರಂಭವಾಗುವ ದಿನದ ಜೊತೆಗೆ ಗಂಟೆಯನ್ನೂ ಓದಿಕೊಳ್ಳಿ. ಪಾಲಿಸಿಯಲ್ಲಿ ಗಂಟೆ ನಮೂದಾಗಿದ್ದರೆ ರಕ್ಷಣೆ ಆ ಗಂಟೆಯಿಂದಲೇ ಹೊರತು ಹಣ ಕಟ್ಟಿದ ಕ್ಷಣದಿಂದಲ್ಲ.

ಪ್ರಶ್ನೆ: ಶೋರೂಂನಿಂದ ತಾತ್ಕಾಲಿಕ ನೋಂದಣಿಯ ಮೇಲೆ ಹೊಸ ಕಾರು ತರುವವರಿಗೂ ಇಂಥ ಅಪಾಯವಿದೆಯೇ?

ಉತ್ತರ: ಹೊಸ ಕಾರಿನ ಪಾಲಿಸಿ ಮೊದಲಿನಿಂದಲೂ ನಿಮ್ಮ ಹೆಸರಿನಲ್ಲೇ ಇರುವುದರಿಂದ ವರ್ಗಾವಣೆಯ ತೊಡಕಿಲ್ಲ. ನೋಂದಣಿ ಸಂಖ್ಯೆ ಇನ್ನೂ ಬಂದಿರದಿದ್ದರೆ ಎಂಜಿನ್ ಮತ್ತು ಚಾಸಿ ಸಂಖ್ಯೆಗಳ ಆಧಾರದ ಮೇಲೆ ಪಾಲಿಸಿ ಕೊಡುತ್ತಾರೆ. ಆ ಎರಡನ್ನೂ ಕಾರಿನ ಮೇಲಿರುವ ಸಂಖ್ಯೆಗಳೊಂದಿಗೆ ಅಲ್ಲೇ ಹೋಲಿಸಿ ನೋಡಿ. ಅಪಾಯವಿರುವುದು ತಾತ್ಕಾಲಿಕ ನೋಂದಣಿಯ ಅವಧಿ ಮೀರಿದಾಗ. ಹಾಗೆ ಅವಧಿ ಮುಗಿದ ಕಾರೊಂದು ಕಳವಾದ ಪ್ರಕರಣದಲ್ಲಿ, ವಿಮೆ ಚಾಲ್ತಿಯಲ್ಲಿದ್ದರೂ ನೋಂದಣಿಯಿಲ್ಲದೆ ಕಾರನ್ನು ಬಳಸಿದ್ದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆಯೆಂದು 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು ಕ್ಲೇಮ್ ನಿರಾಕರಣೆಯನ್ನು ಎತ್ತಿಹಿಡಿಯಿತು. ಶಾಶ್ವತ ನೋಂದಣಿಯ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಡೀಲರ್‌ಗೆ ಬಿಟ್ಟುಬಿಡದೆ ನೀವೇ ವಿಚಾರಿಸುತ್ತಿರಿ ಮತ್ತು ಅದು ತಡವಾಗುವಂತಿದ್ದರೆ ಅವಧಿ ಮುಗಿಯುವ ಮುನ್ನವೇ ಸಾರಿಗೆ ಕಚೇರಿಯನ್ನು ಸಂಪರ್ಕಿಸಿ.